ಬೆಳಕಿಂಡಿ, ಎಲ್‌ಇಡಿ, ಬಲ್ಬು: ಬೆಟಗೇರಿಯ ಮಗ್ಗದ ಮನೆಯಲ್ಲಿ ಮೊಬೈಲ್ ಕ್ಯಾಮೆರಾ

ಗದಗ-ಬೆಟಗೇರಿಯಲ್ಲಿ ನನ್ನ ದೊಡ್ಡವ್ವ ಇಂದಿಗೂ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾಳೆ. ಕೊನೆಯ ವರ್ಷದ ಕಿರುಚಿತ್ರಕ್ಕೆ ಆಕೆಯ ಒಂದು ದಿನವನ್ನೇ ವಸ್ತುವಾಗಿ ಆರಿಸಿಕೊಂಡು, ಕಳೆದ ಜನವರಿಯಲ್ಲಿ ನಾವು ಮೂವರು ಗೆಳೆಯರು ಧಾರವಾಡದಿಂದ ಹೋಗಿ ಆ ಮನೆಯಲ್ಲಿ ನಾಲ್ಕು ದಿನ ಉಳಿದೆವು. ಕ್ಯಾಮೆರಾ ನನ್ನ ಮೊಬೈಲ್ ಒಂದೇ. ಹುಬ್ಬಳ್ಳಿಯಿಂದ ಒಂದು ಎಲ್‌ಇಡಿ ಪ್ಯಾನೆಲ್ಲನ್ನೂ ಫೋನ್ ಅಲುಗದಂತೆ ಹಿಡಿಯುವ ಒಂದು ಗಿಂಬಲ್ಲನ್ನೂ ಬಾಡಿಗೆಗೆ ತಂದಿದ್ದೆವು.

ಮೊದಲ ದಿನ ಕಥೆಯ ಒಂದು ಶಾಟನ್ನೂ ತೆಗೆಯಲಿಲ್ಲ. ದೊಡ್ಡವ್ವ ಹರಿದ ಎಳೆಯನ್ನು ಹುಡುಕಿ ಗಂಟು ಹಾಕುವ ಒಂದೇ ದೃಶ್ಯವನ್ನು ಬೇರೆ ಬೇರೆ ಬೆಳಕಿನಲ್ಲಿ, ಬೇರೆ ಬೇರೆ ಚಲನೆಯಲ್ಲಿ ತೆಗೆದು, ರಾತ್ರಿ ಟಿವಿಗೆ ಜೋಡಿಸಿ ಒಂದರ ಪಕ್ಕ ಒಂದಿಟ್ಟು ನೋಡಿದೆವು. ಇಡೀ ಚಿತ್ರವನ್ನು ಉಳಿಸಿದ್ದು ಆ ಒಂದು ದಿನ ಎಂದು ನಾನು ನಂಬಿದ್ದೇನೆ.

ಮನೆ ಹಳೆಯ ಮಾಳಿಗೆಯದು. ಗೋಡೆ ದಪ್ಪ, ಕಿಟಕಿ ಸಣ್ಣದು, ಪಡಸಾಲೆಯ ಮೇಲೆ ಗಾಜು ಹೊದಿಸಿದ ಬೆಳಕಿಂಡಿ. ಕತ್ತಲೆಯ ಕೋಣೆ, ಮೊಬೈಲ್‌ನ ಪುಟ್ಟ ಸೆನ್ಸರ್‌ಗೆ ಇದು ಸಾಲದು ಎಂದುಕೊಂಡು ಮೊದಲು ಎಲ್‌ಇಡಿಯನ್ನೇ ಹಚ್ಚಿದೆವು. ಎದುರಿನಿಂದ ಬಿದ್ದ ಬೆಳಕಿಗೆ ದೊಡ್ಡವ್ವನ ಮುಖ ಪಾಸ್‌ಪೋರ್ಟ್ ಫೋಟೊದಂತೆ ಚಪ್ಪಟೆಯಾಯಿತು. ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ, ಎಳೆಗಳೆಲ್ಲ ಒಂದೇ ಬಿಳಿ ಹಾಳೆಯಂತೆ ಮಿನುಗಿದವು. ಆಕೆ ಕೈ ಅಡ್ಡ ಹಿಡಿದು, "ತಮ್ಮಾ, ಇದನ್ನು ಆರಿಸು, ನನಗೆ ಎಳೆಯೇ ಕಾಣುತ್ತಿಲ್ಲ" ಎಂದಳು. ಆಕೆಗೆ ಕಾಣದ ಎಳೆ ಕ್ಯಾಮೆರಾಗೂ ಕಂಡಿರಲಿಲ್ಲ.

ಬೆಳಕನ್ನು ತಗ್ಗಿಸಿದಾಗ ಇನ್ನೊಂದು ತೊಡಕು ಬಂತು. ಅಗ್ಗದ ಎಲ್‌ಇಡಿಗಳಲ್ಲಿ ಹಲವು, ಅತಿವೇಗವಾಗಿ ಆರಿ ಹೊತ್ತುವ ಮೂಲಕವೇ ಮಂದವಾಗುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಮೊಬೈಲ್‌ನ ಪರದೆಯಲ್ಲಿ ಮಾತ್ರ ಕಪ್ಪು ಪಟ್ಟಿಗಳು ತೇಲುತ್ತವೆ. ಪೂರ್ತಿ ಬೆಳಕಿನಲ್ಲಿ ಪಟ್ಟಿ ಇರಲಿಲ್ಲ. ಹಾಗಾದರೆ ದೀಪವನ್ನೇ ಹಿಂದಕ್ಕೆ ಒಯ್ಯಬೇಕು. 1 ಮೀಟರ್‌ನಿಂದ 2 ಮೀಟರ್‌ಗೆ ಸರಿಸಿದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ಆ ಪಡಸಾಲೆಯಲ್ಲಿ ಹಿಂದೆ ಹೋಗಲು ಜಾಗವೆಲ್ಲಿ? ಗೋಡೆಗೆ ತಿರುಗಿಸಿದೆವು, ತಿಳಿನೀಲಿ ಸುಣ್ಣದ ಗೋಡೆ ತನ್ನ ನೀಲಿಯನ್ನೆಲ್ಲ ಆಕೆಯ ಕೆನ್ನೆಗೆ ಬಳಿಯಿತು.

ಮರುದಿನ ದೀಪ ಆರಿಸಿ ಬೆಳಕಿಂಡಿಯನ್ನು ಗಮನಿಸುತ್ತ ಕುಳಿತೆ. ಬೆಳಗ್ಗೆ ಪಶ್ಚಿಮದ ಗೋಡೆಯ ಮೇಲಿದ್ದ ಬಿಸಿಲಿನ ಚೌಕ ಇಳಿದು, ಹತ್ತೂಕಾಲರ ಹೊತ್ತಿಗೆ ಮಗ್ಗದ ಪಕ್ಕದ ಕಲ್ಲುಹಾಸಿಗೆ ಬಂತು. ಅಲ್ಲಿಂದ ಎದ್ದ ಬೆಳಕು ಎಳೆಗಳನ್ನು ಪಕ್ಕದಿಂದ ಸವರಿತು. ಪ್ರತಿ ಎಳೆಗೂ ತನ್ನದೇ ನೆರಳು. ಹರಿದ ಎಳೆ ಸಾಲು ತಪ್ಪಿ ಎದ್ದು ನಿಂತಂತೆ ಕಂಡಿತು. ಮಗ್ಗವನ್ನು ಅಲ್ಲೇ ಹೂಡಿದ್ದು ಏಕೆ ಎಂದು ಕೇಳಿದರೆ, ಅತ್ತೆಯ ಕಾಲದಿಂದಲೂ ಅಲ್ಲೇ ಇದೆ, ಕಣ್ಣಿಗೆ ಹಿತ ಎಂದಳು ದೊಡ್ಡವ್ವ. ಬೆಳಕಿನ ಯೋಜನೆಯನ್ನು ನಮಗಿಂತ ಮೊದಲೇ ಮನೆಯವರು ಮಾಡಿಟ್ಟಿದ್ದರು.

ಬಿಸಿಲಿನ ಚೌಕದೊಳಗೆ ಮುಖ ಬಂದರೆ ಮಾತ್ರ ಕೆಟ್ಟಿತು: ಹಣೆ ಸುಣ್ಣದಂತೆ ಬೆಳ್ಳಗಾಗುತ್ತದೆ, ಹಿಂದಿನ ಕೋಣೆ ಮಸಿಯಾಗುತ್ತದೆ. ಚೌಕದ ಮೇಲೆ ಥರ್ಮೊಕೋಲ್ ಹಾಳೆ ಹಾಸಿದಾಗ ಅದೇ ಬೆಳಕು ಮೆತ್ತಗಾಗಿ ಗಲ್ಲದವರೆಗೆ ಏರಿತು. ಇನ್ನೊಂದು ಬದಿಗೆ ಕಪ್ಪು ಕಂಬಳಿ ಇಳಿಬಿಟ್ಟು ನೆರಳನ್ನು ಗಟ್ಟಿ ಮಾಡಿಕೊಂಡೆವು. ಆದರೆ ಈ ಬೆಳಕು ಸಿಗುವುದು ದಿನಕ್ಕೆ ಒಂದು ತಾಸು ಚಿಲ್ಲರೆ. ಮೂರನೆಯ ದಿನ ಮೋಡ ಕವಿದಾಗ ಎಲ್‌ಇಡಿ ಉಪಯೋಗಕ್ಕೆ ಬಂತು. ಅದೇ ದಿಕ್ಕಿನಿಂದ, ಪಂಚೆಯೊಂದರ ಹಿಂದಿನಿಂದ ಹಾಯಿಸಿದೆವು. ಹಿಂದಿನ ದಿನದ ಶಾಟಿಗೆ ಪೂರ್ತಿ ಹೊಂದದಿದ್ದರೂ ಕಣ್ಣಿಗೆ ಚುಚ್ಚಲಿಲ್ಲ.

ರಾತ್ರಿಯ ದೃಶ್ಯಕ್ಕೆ 60 ವ್ಯಾಟಿನ ಹಳೆಯ ಬಲ್ಬು. ಬಣ್ಣ ಬೆಲ್ಲದ ಪಾಕದಂತೆ, ಆದರೆ ಬೆಳಕು ಸಾಲದೆ ಫೋನ್ ತಾನೇ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ) ಏರಿಸಿ ಚಿತ್ರದ ತುಂಬ ರವೆಯಂಥ ಚುಕ್ಕೆ ಚೆಲ್ಲಿತು. ವೈರನ್ನು ಉದ್ದ ಮಾಡಿ ಬಲ್ಬನ್ನು ಆಕೆಯಿಂದ 5 ಅಡಿ ಇದ್ದದ್ದನ್ನು ಎರಡೂವರೆ ಅಡಿಗೆ ಇಳಿಸಿದೆವು. ಬೆಳಕು ನಾಲ್ಕು ಪಟ್ಟಾಯಿತು, ರವೆ ಬಹುಪಾಲು ಹೋಯಿತು. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಹೀಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಅವಧಿ) 1/50 ಸೆಕೆಂಡ್ ಎಂದು ಬೀಗ ಹಾಕಿಬಿಡಿ; ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಡಿತ ಸಿಗುತ್ತದೆ. 1/60 ಇಟ್ಟು ಟ್ಯೂಬ್‌ಲೈಟ್ ಕೆಳಗೆ ತೆಗೆದ ನಮ್ಮ ಅಡುಗೆಮನೆಯ ಶಾಟಿನಲ್ಲಿ ಪಟ್ಟಿಗಳು ಹರಿದಾಡಿದವು.

ಬಣ್ಣದ ವಿಷಯದಲ್ಲಿ ನನಗೂ ಸಂಕಲನ ಮಾಡುವ ಗೆಳೆಯನಿಗೂ ವಾದವೇ ನಡೆಯಿತು. ಸಪ್ಪೆಯಾಗಿ ಚಿತ್ರೀಕರಿಸಿ ಆಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ತುಂಬೋಣ ಎಂಬುದು ಅವನ ಹಟ. ನನ್ನ ಫೋನ್ ದಾಖಲಿಸುವುದು 8 ಬಿಟ್, ಅಂದರೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ಸಪ್ಪೆ ಚಿತ್ರವನ್ನು ಹಿಗ್ಗಿಸಿದಾಗ ಆ ಮೆಟ್ಟಿಲುಗಳು ನೀಲಿ ಗೋಡೆಯ ಮೇಲೆ ಪದರ ಪದರವಾಗಿ ಕಂಡವು. 10 ಬಿಟ್ ಇದ್ದರೆ 1024. ಆಗ ಅವನ ಮಾತಿಗೆ ಬಲವಿರುತ್ತಿತ್ತು. ನಾನು ಹಿಡಿದ ದಾರಿ ಬೇರೆ: ಚೌಕಟ್ಟಿನಿಂದ ಹಸಿರು ಪ್ಲಾಸ್ಟಿಕ್ ಕೊಡ, ಕ್ಯಾಲೆಂಡರ್, ನನ್ನ ಕಿತ್ತಳೆ ಬಣ್ಣದ ಬ್ಯಾಗು ಎಲ್ಲವನ್ನೂ ಹೊರಗಿಟ್ಟೆ. ಉಳಿದದ್ದು ಗೋಡೆಯ ನೀಲಿ, ಮರದ ಕಂದು, ಮಗ್ಗದ ಮೇಲಿನ ಕೆಂಪು ಸೀರೆ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಅಳತೆ) ಹಗಲಿಗೆ 5600 ಕೆಲ್ವಿನ್‌ಗೆ ಕಟ್ಟಿದೆ. ಸಂಜೆ 3200ಕ್ಕೆ ಇಳಿಸಿದಾಗ ಬಲ್ಬಿನ ಬೆಚ್ಚಗಿನ ಬಣ್ಣವೆಲ್ಲ ತೊಳೆದುಹೋಗಿ ಆಸ್ಪತ್ರೆಯಂತಾಯಿತು. 4300ರಲ್ಲಿ ಬೆಚ್ಚನೆಯೂ ಉಳಿಯಿತು, ಚರ್ಮವೂ ಚರ್ಮದಂತಿತ್ತು. ಆಟೊದಲ್ಲಿ ಬಿಟ್ಟರೆ ಕೆಂಪು ಸೀರೆ ಹತ್ತಿರ ಬಂದಾಗಲೆಲ್ಲ ಗೋಡೆಯ ಬಣ್ಣ ಬದಲಾಗುತ್ತಿತ್ತು.

ಚಲನೆಯಲ್ಲಿ ಹೆಚ್ಚು ನಿರಾಸೆ ತಂದದ್ದು ಗಿಂಬಲ್. ಕೈಯ ವಾಲುವಿಕೆ, ತಿರುಗುವಿಕೆಯನ್ನು ಅದು ತಡೆಯುತ್ತದೆ. ನಡೆಯುವವನ ಏರಿಳಿತವನ್ನು ತಡೆಯುವುದಿಲ್ಲ. ಭೀಷ್ಮಕೆರೆಯ ದಂಡೆಯಲ್ಲಿ ದೊಡ್ಡವ್ವನ ಹಿಂದೆ ನಡೆದ ಒಂದು ಶಾಟಿಗೆ, ಮೊಣಕಾಲು ಮಡಿಸಿ ನಡೆದ ಮೇಲೆ, ಚೆನ್ನಾಗಿಯೇ ಒದಗಿತು. ಕೋಣೆಯೊಳಗೆ ಮಾತ್ರ ಯಾರೋ ಕಾಣದವರು ತೇಲಾಡಿದಂತಿತ್ತು. ಬರಿಗೈಯಲ್ಲಿ, ಮೊಣಕೈಗಳನ್ನು ಎದೆಗೆ ಒತ್ತಿ ತೆಗೆದ ಶಾಟು ಅದಕ್ಕಿಂತ ಜೀವಂತ. ಟ್ರೈಪಾಡ್ ಸ್ಥಿರವೇನೋ ಹೌದು, ಆದರೆ ಎತ್ತರ ತಪ್ಪಿತು. ಕುಣಿಮಗ್ಗದಲ್ಲಿ ನೇಕಾರರ ಕಾಲು ಗುಂಡಿಯೊಳಗಿರುತ್ತದೆ, ಕಣ್ಣು ನೆಲಕ್ಕೆ ಹತ್ತಿರ. ನಮ್ಮ ಟ್ರೈಪಾಡನ್ನು ಪೂರ್ತಿ ಇಳಿಸಿದರೂ ಕ್ಯಾಮೆರಾ ಆಕೆಯನ್ನು ಮೇಲಿನಿಂದಲೇ ನೋಡುತ್ತಿತ್ತು.

ಗೆದ್ದದ್ದು ಊಟದ ಮಣೆ. ಜಮಖಾನೆಯ ಮೇಲೆ ಮಣೆಯಿಟ್ಟು, ಅದರ ಮೇಲೆ ಪುಸ್ತಕಗಳ ನಡುವೆ ಫೋನ್ ನಿಲ್ಲಿಸಿ, ಗೆಳೆಯನೊಬ್ಬ ಹಗ್ಗದಿಂದ ಮೆಲ್ಲನೆ ಎಳೆದ. ಒಂದು ಮೊಳ ದೂರ, ಹನ್ನೆರಡು ಸೆಕೆಂಡು. ಲಾಳಿ ಎಡಬಲಕ್ಕೆ ಓಡುತ್ತಿರುವಾಗ ಕ್ಯಾಮೆರಾ ಆಕೆಯ ಬೆರಳಿನತ್ತ ಸರಿಯುತ್ತದೆ. ಇಡೀ ಚಿತ್ರದಲ್ಲಿ ನನಗೆ ಅತಿ ಪ್ರಿಯವಾದ ಶಾಟು ಅದು.

ಮುಂದಿನ ಚಿತ್ರ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಮಾರುಕಟ್ಟೆಯ ಸುತ್ತ. ಅಲ್ಲಿ ಸಮಸ್ಯೆ ಕತ್ತಲೆಯದಲ್ಲ, ಬಿಸಿಲಿನದು. ನನ್ನ ಮೊಬೈಲ್‌ನಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಕಿರಿದು ಮಾಡುವ ಅವಕಾಶವಿಲ್ಲದ್ದರಿಂದ ಶಟರ್ 1/2000ಕ್ಕೆ ಹಾರಿ, ಚೀಲ ಹೊತ್ತವರ ನಡಿಗೆ ಕುಪ್ಪಳಿಸಿದಂತೆ ಕಾಣುತ್ತದೆ. ಮೆಣಸಿನಕಾಯಿಯ ಕಡುಗೆಂಪು ರಾಶಿಯ ಮೇಲೆ ಕ್ಯಾಮೆರಾ ಹಿಡಿಯಬಲ್ಲ ಕೆಂಪಿನ ಮಿತಿ ಬೇಗ ತುಂಬಿ ಉಕ್ಕಿ, ಕಾಯಿಯ ಸುಕ್ಕುಗಳು ಅಳಿಸಿಹೋಗುತ್ತವೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ ತೆಗೆದ ಪರೀಕ್ಷೆಯಲ್ಲಿ ಸುಕ್ಕುಗಳು ಮರಳಿದವು. ಗಿಂಬಲ್ ಬಾಡಿಗೆಗೆ ತೆಗೆದಿಟ್ಟಿದ್ದ ಹಣದಲ್ಲಿ ಈ ಸಲ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ತರಿಸಿದ್ದೇನೆ. ಮಣೆಯನ್ನು ದೊಡ್ಡವ್ವನೇ ಕೊಟ್ಟು ಕಳಿಸಿದ್ದಾಳೆ.