120 ರೂಪಾಯಿಯ ಮೆಡಿಕಲ್ ಡಿಕ್ಷನರಿ

ನಾನು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಈಗ ಜಿಎನ್ಎಂ ನರ್ಸಿಂಗ್ ಮೊದಲ ವರ್ಷ. ಅನಾಟಮಿ ಪುಸ್ತಕ ತೆರೆದರೆ ಪುಟದ ತುಂಬ ಹೊಸ ಹೆಸರುಗಳು. ರಾತ್ರಿ ಬಾಯಿಪಾಠ ಮಾಡಿದ್ದು ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಈ ಪಾಕೆಟ್ ಡಿಕ್ಷನರಿ ಸಿಕ್ಕಿತು. ರಟ್ಟು ಕಿತ್ತುಹೋಗಿದೆ, ಯಾರು ಅಚ್ಚು ಹಾಕಿದ್ದು ಅಂತಲೂ ಗೊತ್ತಾಗುವುದಿಲ್ಲ. ಆದರೆ ಪದದ ಪಕ್ಕದಲ್ಲೇ ಅದು ಎಲ್ಲಿಂದ ಬಂತು ಅಂತ ಒಂದು ಸಾಲು ಇದೆ. ಆ ಸಾಲಿಗೇ ಕೊಟ್ಟ ದುಡ್ಡು ವಸೂಲಾಯಿತು.

ಭುಜದಿಂದ ಎದೆಯ ನಡುವಿಗೆ ಬರುವ ಮೂಳೆ ಕ್ಲಾವಿಕಲ್ ಅಂದರೆ ಲ್ಯಾಟಿನ್‌ನಲ್ಲಿ ಪುಟ್ಟ ಬೀಗದಕೈ. ಮಂಡಿಯ ಕೆಳಗಿನ ದಪ್ಪ ಮೂಳೆ ಟಿಬಿಯಾ ಅಂದರೆ ಕೊಳಲು. ಅದರ ಪಕ್ಕದ ತೆಳ್ಳನೆಯ ಫಿಬ್ಯುಲಾ, ಬಟ್ಟೆಗೆ ಚುಚ್ಚುವ ಪಿನ್ನು. ಲ್ಯಾಬಿನಲ್ಲಿ ಎರಡೂ ಮೂಳೆ ಜೋಡಿಸಿ ಹಿಡಿದು ನೋಡಿದೆ, ನಿಜವಾಗಿಯೂ ಪಿನ್ನಿನ ಹಾಗೇ ಕಾಣುತ್ತದೆ. ಪಟೆಲಾ ಅಂದರೆ ಚಿಕ್ಕ ತಟ್ಟೆ. ನಮ್ಮಲ್ಲಿ ಅದು ಮಂಡಿಚಿಪ್ಪು. ಮಸಲ್ ಅನ್ನುವ ಪದದ ಒಳಗೆ ಪುಟ್ಟ ಇಲಿ ಇದೆಯಂತೆ. ಚರ್ಮದ ಕೆಳಗೆ ಓಡಾಡುವ ಇಲಿ! ನಾವು ಕಾಲಿನ ಹಿಂಭಾಗದ ಮಾಂಸಕ್ಕೆ ಮೀನಖಂಡ ಅನ್ನುತ್ತೇವೆ ಅಲ್ವಾ? ಅವರಿಗೆ ಇಲಿ ಕಂಡಿತು, ನಮಗೆ ಮೀನು.

ನನಗೆ ಜಾಸ್ತಿ ಹಿಡಿಸಿದ್ದು ಪ್ಯೂಪಿಲ್. ವಿದ್ಯಾರ್ಥಿಗೂ ಅದೇ ಪದ, ಕಣ್ಣಿಗೂ ಅದೇ ಪದ ಯಾಕೆ ಅಂತ ಸ್ಕೂಲಲ್ಲಿ ಯಾರೂ ಹೇಳಿರಲಿಲ್ಲ. ಮೂಲದಲ್ಲಿ ಅದು ಪುಟ್ಟ ಮಗು, ಬೊಂಬೆ. ಎದುರಿಗಿರುವವರ ಕಣ್ಣಲ್ಲಿ ನಮ್ಮದೇ ಬಿಂಬ ಬೊಂಬೆಯ ಹಾಗೆ ಕಾಣುವುದಕ್ಕೆ ಆ ಹೆಸರು. ಓದಿದ ತಕ್ಷಣ ಅಡುಗೆಮನೆಗೆ ಹೋಗಿ ಅಮ್ಮನ ಮುಖ ಬೆಳಕಿಗೆ ತಿರುಗಿಸಿದೆ. ಕಪ್ಪು ಗುಡ್ಡೆಯ ನಡುವೆ ಸಾಸಿವೆ ಕಾಳಿನಷ್ಟು ನಾನು, ಹಿಂದೆ ಕಿಟಕಿ. "ಏನೇ ಅದು, ಕಣ್ಣಲ್ಲಿ ಕಸ ಬಿದ್ದಿದೆಯಾ?" ಅಂದರು ಅಮ್ಮ. ಕನ್ನಡದಲ್ಲೂ ನಾವು ಕಣ್ಣಪಾಪೆ ಅಂತಲೇ ಅನ್ನುತ್ತೇವಲ್ಲ, ಪಾಪೆ ಅಂದರೂ ಬೊಂಬೆಯೇ. ಎಲ್ಲಿಯ ಲ್ಯಾಟಿನ್, ಎಲ್ಲಿಯ ನಮ್ಮೂರು!

ಕೊರತೆಯೂ ಇದೆ. ಅಕ್ಷರ ತೀರಾ ಸಣ್ಣದು, ರಾತ್ರಿ ಓದಿದರೆ ಕಣ್ಣು ನೋಯುತ್ತದೆ. ಒಂದೇ ಥರ ಕೇಳುವ ಪದಗಳನ್ನು ಪಕ್ಕಪಕ್ಕ ಇಟ್ಟು ಎಚ್ಚರಿಸುವುದಿಲ್ಲ. ಇಲಿಯಂ ಅಂತ ಎರಡಿವೆ. ಒಂದು ಸೊಂಟದ ಅಗಲ ಮೂಳೆ, ಇನ್ನೊಂದು ಸಣ್ಣ ಕರುಳಿನ ಕೊನೆಯ ಭಾಗ. ಬಾಯಲ್ಲಿ ಹೇಳಿದರೆ ವ್ಯತ್ಯಾಸವೇ ಇಲ್ಲ, ಕನ್ನಡದಲ್ಲಿ ಬರೆದರೂ ಇಲ್ಲ. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಮಾತ್ರ ಎಲ್ ಆದ ಮೇಲೆ ಮೂಳೆಗೆ ಐ, ಕರುಳಿಗೆ ಇ. ಇಂಟರ್ನಲ್ಸ್‌ನಲ್ಲಿ ಅದಲುಬದಲು ಬರೆದು ಎರಡು ಮಾರ್ಕ್ಸ್ ಕಳೆದುಕೊಂಡೆ. ಈಟ್ ಅನ್ನುವುದರ ಇ ಇದ್ದರೆ ಅನ್ನ ಹೋಗುವ ಜಾಗ ಅಂತ ಈಗ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಕನ್ನಡ ಅರ್ಥಗಳನ್ನೂ ಅಂಚಿನಲ್ಲಿ ನಾನೇ ತುಂಬಿಸುತ್ತಿದ್ದೇನೆ.

ನೀವು ಯಾವ ಮೆಡಿಕಲ್ ಡಿಕ್ಷನರಿ ಕೊಂಡರೂ ಅಂಗಡಿಯಲ್ಲೇ ಪಟೆಲಾ ತೆಗೆದು ನೋಡಿ. ಬರೀ ಮಂಡಿಯ ಮೂಳೆ ಅಂತಿದ್ದರೆ ವಾಪಸ್ ಇಡಿ. ಚಿಕ್ಕ ತಟ್ಟೆ ಅಂತಲೂ ಇದ್ದರೆ ತಗೊಳ್ಳಿ.