‘ಒನ್ಸ್ ಮೋರ್’ ಎನ್ನಿಸುವ ‘ಮೇಡ್ ಇನ್ ಜಪಾನ್’

ಇಂಗ್ಲೆಂಡಿನ ರಾಕ್ ತಂಡ ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ ಆಲ್ಬಮ್ಮಿನ ಸಿ.ಡಿ.ಯನ್ನು ನಾನು ಕೊಂಡಿರುವುದು ಇದು ಎರಡನೆಯ ಸಲ. ಮೊದಲನೆಯದು ಇಪ್ಪತ್ತು ವರ್ಷ ತಿರುಗಿ ತಿರುಗಿ, ಮೈತುಂಬ ಗೀರುಬಿದ್ದು, ಮೂರನೆಯ ಹಾಡಿಗೆ ಬರುವಷ್ಟರಲ್ಲಿ ತೊದಲತೊಡಗಿತ್ತು. ಈ ಬಾರಿ ತುಮಕೂರಿಗೆ ಅಂಚೆಯಲ್ಲಿ ತರಿಸಿಕೊಂಡ ಪ್ರತಿಯ ಡಬ್ಬಿ ಒಡೆದೇ ಬಂದಿತು. ಮಾರಿದವರಿಗೆ ಎರಡು ಸಲ ಬರೆದರೂ ಉತ್ತರವಿಲ್ಲ. ಒಳಗಿನ ತಟ್ಟೆಗೆ ಏನೂ ಆಗಿರಲಿಲ್ಲವಾದ್ದರಿಂದ ಆ ವ್ಯಾಜ್ಯವನ್ನು ಅಲ್ಲಿಗೇ ಬಿಟ್ಟು ಸಂಗೀತಕ್ಕೆ ಬರುತ್ತೇನೆ.

1972ರ ಆಗಸ್ಟ್ 15 ಮತ್ತು 16ರಂದು ಓಸಾಕಾದಲ್ಲಿ, 17ರಂದು ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ನಡೆದ ಮೂರು ಕಛೇರಿಗಳಿಂದ ಆಯ್ದ ಏಳು ಹಾಡುಗಳು ಇದರಲ್ಲಿವೆ. ಒಟ್ಟು ಅವಧಿ ಸುಮಾರು 76 ನಿಮಿಷ. ಇಲ್ಲಿ ನಮ್ಮವರು ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಬಾವುಟ ಹಾರಿಸಿದ ದಿನವೇ ಅಲ್ಲಿ ಇದರ ‘ಸ್ಮೋಕ್ ಆನ್ ದ ವಾಟರ್’ ಹಾಡು ಧ್ವನಿಮುದ್ರಣವಾಯಿತು ಎಂಬುದು ನನಗೆ ಇಂದಿಗೂ ಮೋಜೆನಿಸುತ್ತದೆ. ಹೀಗೆ ಕಛೇರಿಯಲ್ಲೇ ಮುದ್ರಿಸಿದ ಲೈವ್ ಆಲ್ಬಮ್ ತರಬೇಕೆಂಬ ಆಸೆ ತಂಡಕ್ಕೆ ಅಷ್ಟಾಗಿ ಇರಲಿಲ್ಲ. ಜಪಾನಿನ ರೆಕಾರ್ಡ್ ಕಂಪನಿ ಕೇಳಿಕೊಂಡಿದ್ದರಿಂದ, ಅದು ಆ ದೇಶದಲ್ಲಿ ಮಾತ್ರ ಮಾರಾಟವಾಗುತ್ತದೆ ಎಂಬ ಎಣಿಕೆಯಲ್ಲಿ ಒಪ್ಪಿಕೊಂಡರು. ಶಾಶ್ವತವಾಗಿ ಉಳಿಯುತ್ತದೆಂಬ ಬಿಗುಮಾನವಿಲ್ಲದೆ ನುಡಿಸಿದ್ದರಿಂದಲೇ ಇದು ಇಷ್ಟು ಚೆನ್ನಾಗಿದೆ ಎಂಬುದು ನನ್ನ ಗುಮಾನಿ.

ಏಳರಲ್ಲಿ ನಾಲ್ಕು ಹಾಡುಗಳು ಅದೇ ವರ್ಷ ಹೊರಬಂದ ‘ಮೆಷೀನ್ ಹೆಡ್’ ಎಂಬ ಸ್ಟುಡಿಯೋ ಆಲ್ಬಮ್ಮಿನವು. ಅದೂ ನನ್ನ ಬಳಿ ಇದೆ, ಅದರ ಮೇಲೆ ನನಗೆ ಗೌರವವೂ ಇದೆ. ಆದರೆ ಇದನ್ನು ಕೇಳಿದ ಮೇಲೆ ಅದು ತಾಲೀಮಿನಂತೆ ತೋರುತ್ತದೆ. ಗುಬ್ಬಿ ಕಂಪನಿಯ ನಾಟಕಗಳನ್ನು ನೋಡಿ ಬೆಳೆದ ನಮ್ಮಜ್ಜ ಹೇಳುತ್ತಿದ್ದಂತೆ, ಪುಸ್ತಕದಲ್ಲಿ ಅಚ್ಚಾದ ರಂಗಗೀತೆಗೂ, ಜನ ‘ಒನ್ಸ್ ಮೋರ್’ ಎಂದು ಕೂಗಿದ ಮೇಲೆ ನಟ ಮತ್ತೊಮ್ಮೆ ಎತ್ತಿಕೊಂಡು ಬೆಳೆಸಿದ ಅದೇ ಗೀತೆಗೂ ಇರುವ ಅಂತರ ಇಲ್ಲಿಯೂ ಇದೆ. ತಂಡದ ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಬೋರ್ಡನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸುತ್ತಿದ್ದರು; ಹಾಗಾಗಿ ಆ ವಾದ್ಯದ ದನಿ ಇಂಪಾಗಿರದೆ ಗುರುಗುಟ್ಟುತ್ತದೆ. ನಾನು ಇದನ್ನು ಮನೆಯಲ್ಲಿ ಮೊದಲ ಸಲ ಹಾಕಿದಾಗ ಅಜ್ಜ, “ಕಾಲು ಹಾರ್ಮೋನಿಯಮ್ಮಿಗೆ ಸಿಟ್ಟು ಬಂದಿದೆ” ಎಂದಿದ್ದರು. ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಎರಡು ಸ್ಪೀಕರುಗಳ ನಡುವೆ ಕುಳಿತು ಕೇಳಿದರೆ ಎಡದಲ್ಲಿ ಆರ್ಗನ್, ಬಲದಲ್ಲಿ ರಿಚೀ ಬ್ಲ್ಯಾಕ್‌ಮೋರ್ ಅವರ ಗಿಟಾರ್ ಸ್ಪಷ್ಟವಾಗಿ ಬೇರ್ಪಟ್ಟು, ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಹೇಗೆ ಕಿವಿಗೊಟ್ಟು ಕೇಳುತ್ತಿದ್ದಾರೆಂಬುದು ತಿಳಿಯುತ್ತದೆ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಹಾಡಿನ ನಡುವೆ ಗಿಟಾರ್ ಒಂದು ತುಣುಕು ನುಡಿಸುತ್ತದೆ, ಗಾಯಕ ಇಯಾನ್ ಗಿಲನ್ ಅದನ್ನು ಗಂಟಲಿನಲ್ಲಿ ಹಿಂದಿರುಗಿಸುತ್ತಾರೆ. ತುಣುಕು ಕಠಿಣವಾಗುತ್ತ ಹೋದಂತೆ ಈ ಜುಗಲ್‌ಬಂದಿ ಸವಾಲಾಗಿ, ಕೊನೆಗೆ ಗಿಲನ್ ಕಿರುಚುವ ಒಂದು ದೀರ್ಘ ಸ್ವರದಲ್ಲಿ ಮುಗಿಯುತ್ತದೆ. ಹನ್ನೆರಡು ನಿಮಿಷದ ‘ಚೈಲ್ಡ್ ಇನ್ ಟೈಮ್’ನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ: ಆರಂಭದಲ್ಲಿ ವಾದ್ಯಗಳು ಎಷ್ಟು ತಗ್ಗಿವೆಯೆಂದರೆ ಸಭೆಯ ಮೌನವೂ ಮುದ್ರಣದಲ್ಲಿ ಕೇಳಿಬರುತ್ತದೆ.

‘ದ ಮ್ಯೂಲ್’ ಹಾಡಿನ ಬಹುಭಾಗವನ್ನು ನುಂಗಿರುವ ಇಯಾನ್ ಪೇಸ್ ಅವರ ಡ್ರಮ್ಸ್ ತನಿ ನನಗೆ ರುಚಿಸಿಲ್ಲ. ಕೈಚಳಕ ದೊಡ್ಡದೇ, ಆದರೆ ರಾಮನವಮಿಯ ಪೆಂಡಾಲಿನಲ್ಲಿ ಮೃದಂಗ ಮತ್ತು ಘಟದ ತನಿ ಆವರ್ತನ ಕೇಳಿ ಬೆಳೆದ ಕಿವಿಗೆ ಅದರ ಲೆಕ್ಕಾಚಾರ ಸ್ವಲ್ಪ ತೆಳುವೆನಿಸುತ್ತದೆ. ಕೊನೆಯ ‘ಸ್ಪೇಸ್ ಟ್ರಕಿನ್’ ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷದ್ದು, ಇಲ್ಲಿ ಸುಮಾರು ಇಪ್ಪತ್ತು. ಅದರಲ್ಲಿ ಐದು ನಿಮಿಷ ಕಡಿಮೆಯಾಗಿದ್ದರೂ ನಾನು ದೂರುತ್ತಿರಲಿಲ್ಲ.

ಇದನ್ನು ಮುದ್ರಿಸಿದ ಇಂಜಿನಿಯರ್ ಮಾರ್ಟಿನ್ ಬರ್ಚ್. ಮುಂದೆ 1981ರಿಂದ 1992ರವರೆಗೆ ಐರನ್ ಮೇಡನ್ ಎಂಬ ಹೆವಿ ಮೆಟಲ್ ತಂಡದ ಆಲ್ಬಮ್ಮುಗಳನ್ನು ನಿರ್ಮಿಸಿದವರೂ ಇವರೇ. 1985ರ ‘ಲೈವ್ ಆಫ್ಟರ್ ಡೆತ್’ ಅವುಗಳಲ್ಲೊಂದು. ಆ ತಂಡ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನಾನು ತುಮಕೂರಿನಿಂದ ಬಸ್ಸಿನಲ್ಲಿ ಹೋಗಿದ್ದೆ. ಗಿಟಾರಿನ ರಾಗವನ್ನೇ ಜನಸಾಗರ ಹಾಡಿದ್ದನ್ನು ಕೇಳಿ, ರಾತ್ರಿಯನ್ನು ಯಶವಂತಪುರದಲ್ಲಿ ಕಳೆದು, ಬೆಳಗಿನ ಮೊದಲ ಗಾಡಿಗೆ ಮರಳಿದೆ. ಲೈವ್ ಆಲ್ಬಮ್ಮಿನಲ್ಲಿ ಚಪ್ಪಾಳೆ ಏಕೆ ಬೇಕೆಂದು ಕೇಳುವವರು ಅಂಥ ಒಂದು ಮೈದಾನದಲ್ಲಿ ನಿಂತು ಬರಬೇಕು. ನಮ್ಮವರ ಪೈಕಿ ರಘು ದೀಕ್ಷಿತ್ ತಂಡದ ಬಗ್ಗೆಯೂ ನನ್ನದು ಇದೇ ಅಭಿಪ್ರಾಯ: ಶಿಶುನಾಳ ಶರೀಫರ ಪದಗಳು 2008ರ ಅವರ ಮೊದಲ ಆಲ್ಬಮ್ಮಿನಲ್ಲಿ ಚೆಂದವಾಗಿವೆ, ವೇದಿಕೆಯ ಮೇಲೆ ಜೀವಂತವಾಗಿವೆ.

ಇದನ್ನು ಕೊಳ್ಳುವವರು ಏಳೂ ಹಾಡುಗಳು ಒಂದೇ ತಟ್ಟೆಯಲ್ಲಿರುವ ಸರಳ ಪ್ರತಿಯನ್ನು ಕೊಂಡರೆ ಸಾಕು. ಮೂರೂ ರಾತ್ರಿಗಳ ಸಮಗ್ರ ಸಂಪುಟಗಳು ಒಂದೇ ಹಾಡನ್ನು ಮೂರು ಸಲ ಹೋಲಿಸಿ ನೋಡುವ ಹುಚ್ಚಿರುವ ನನ್ನಂಥವರಿಗೆ. ಮನೆಯಲ್ಲಿ ಜೋರಾಗಿ ಹಾಕಲು ಆಗದವರು ಹೆಡ್‌ಫೋನ್ ಹಾಕಿಕೊಂಡು ಬೆಂಗಳೂರಿನ ಪ್ಯಾಸೆಂಜರ್ ಗಾಡಿ ಹತ್ತಬಹುದು. ತುಮಕೂರು ಬಿಟ್ಟು ಕ್ಯಾತ್ಸಂದ್ರಕ್ಕೆ ಮುಂಚೆ ಮೊದಲ ಹಾಡಾದ ‘ಹೈವೇ ಸ್ಟಾರ್’ ಆರಂಭಿಸಿದರೆ, ಗಾಡಿ ಎಲ್ಲೂ ಕ್ರಾಸಿಂಗಿಗೆ ನಿಲ್ಲದಿದ್ದಲ್ಲಿ, ಕೊನೆಯ ಚಪ್ಪಾಳೆಯ ಹೊತ್ತಿಗೆ ಯಶವಂತಪುರ ಹತ್ತಿರವಾಗಿರುತ್ತದೆ; ನಿಂತರೆ ‘ಚೈಲ್ಡ್ ಇನ್ ಟೈಮ್’ ಇನ್ನೊಮ್ಮೆ ಕೇಳಲು ಹನ್ನೆರಡು ನಿಮಿಷ ಸಿಗುತ್ತದೆ.