ಒಂದೇ ಟಾಪ್, ಎಡಕ್ಕೊಂದು ಲೇಪ, ಬಲಕ್ಕೊಂದು

ನನ್ನ ಕನ್ವರ್ಟಿಬಲ್ ಕಾರಿನ ಬಟ್ಟೆ ಟಾಪ್, ಅಂದರೆ ಮಡಚಬಹುದಾದ ಚಾವಣಿ, ಅದರ ಮೇಲೆ ಮೊದಲೆಲ್ಲ ಮಳೆಹನಿ ನಿಲ್ಲುತ್ತಲೇ ಇರಲಿಲ್ಲ, ಉರುಳಿ ಹೋಗುತ್ತಿತ್ತು. ನಾಲ್ಕನೇ ವರ್ಷಕ್ಕೆ ಬಟ್ಟೆ ನೀರು ಕುಡಿಯಲು ಶುರು ಮಾಡಿತು. ಒಳಗೇನೂ ಸೋರಲಿಲ್ಲ. ಇಂಥ ಟಾಪ್‌ನಲ್ಲಿ ನೀರನ್ನು ತಡೆಯುವುದು ಎರಡು ಬಟ್ಟೆಗಳ ನಡುವಿನ ರಬ್ಬರ್ ಪದರ. ಆದರೆ ಮೇಲಿನ ಬಟ್ಟೆ ಯಾವಾಗಲೂ ಒದ್ದೆಯಾಗಿದ್ದರೆ ಕೊಳೆ ಕೂರುತ್ತದೆ, ಪಾಚಿ ಹಿಡಿಯುತ್ತದೆ. ಅದಕ್ಕೇ ನೀರು ಜಾರಿಸುವ ಲೇಪವನ್ನು ಮತ್ತೆ ಹಾಕಬೇಕಿತ್ತು.

ಅಂಗಡಿಯಲ್ಲಿ ಸಿಕ್ಕಿದ್ದು ಎರಡು ಬಗೆ. ಒಂದು ಸಾಲ್ವೆಂಟ್, ಅಂದರೆ ಬೇಗ ಆವಿಯಾಗುವ ರಾಸಾಯನಿಕ ದ್ರವ ಇರುವ ಸ್ಪ್ರೇ. ಇನ್ನೊಂದು ನೀರಿನಲ್ಲಿ ಕಲಸಿದ್ದು, ಬ್ರಷ್‌ನಿಂದ ಹಚ್ಚುವಂಥದ್ದು. ಟಾಪ್‌ನ ನಡುವೆ ಉದ್ದಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಎಡಕ್ಕೆ ಸ್ಪ್ರೇ ಹೊಡೆದೆ, ಬಲಕ್ಕೆ ಬ್ರಷ್ ಲೇಪ ಹಚ್ಚಿದೆ.

ಮೊದಲ ಮಳೆಗೇ ಎರಡೂ ಕಡೆ ಒದ್ದೆ! ತುಂಬಾ ಬೇಸರವಾಯಿತು. ಆಮೇಲೆ ಗೊತ್ತಾಯಿತು, ತಪ್ಪು ಲೇಪದ್ದಲ್ಲ, ತೊಳೆದ ರೀತಿಯದ್ದು. ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿದ್ದೆ. ಅದರ ನೊರೆ ನೇಯ್ಗೆಯೊಳಗೆ ಉಳಿದುಬಿಟ್ಟಿತ್ತು. ಸೋಪಿನ ಗುಣವೇ ನೀರನ್ನು ಬಟ್ಟೆಯೊಳಕ್ಕೆ ಎಳೆಯುವುದು, ಅಲ್ವಾ? ಅದರ ಮೇಲೆ ಯಾವ ಲೇಪ ಹಾಕಿದರೂ ಸುಮ್ನೆ ದಂಡ.

ಎರಡನೇ ಸಲ ಸಾಫ್ಟ್ ಟಾಪ್‌ಗೆಂದೇ ಮಾಡಿದ ಕ್ಲೀನರ್ ತಂದೆ. ಇದರ ನೊರೆ ಕಡಿಮೆ, ಬೇಗ ಬಿಡುತ್ತದೆ. ಮೆತ್ತನೆಯ ಬ್ರಷ್‌ನಿಂದ ನೇಯ್ಗೆಯ ದಿಕ್ಕಿನಲ್ಲೇ ಉಜ್ಜಿದೆ. ಟಾಪ್‌ನಿಂದ ಇಳಿಯುವ ನೀರಿನಲ್ಲಿ ಒಂದು ಗುಳ್ಳೆಯೂ ಕಾಣದಷ್ಟು ಹೊತ್ತು ಪೈಪ್ ಹಿಡಿದೆ. ಪ್ರೆಷರ್ ವಾಷರ್ ಮುಟ್ಟಲಿಲ್ಲ, ಹತ್ತಿರದಿಂದ ಹೊಡೆದರೆ ನೂಲೇ ಎದ್ದು ಬರುತ್ತದೆ. ಪೂರ್ತಿ ಒಂದು ದಿನ ಒಣಗಲು ಬಿಟ್ಟು, ಆಮೇಲೆ ಮತ್ತೆ ಟೇಪ್ ಅಂಟಿಸಿದೆ.

ಸ್ಪ್ರೇ ಹೊಡೆಯುವ ಕೆಲಸ ಹತ್ತೇ ನಿಮಿಷ. ಆದರೆ ಗಾಜು, ಪೇಂಟ್ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಲು ಒಂದು ಗಂಟೆ ಬೇಕಾಯಿತು. ಅಷ್ಟು ಮಾಡಿಯೂ ಗಾಜಿನ ಅಂಚಿಗೆ ಮಸುಕು ಕೂತು, ಅದನ್ನು ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ವಾಸನೆ ಜೋರು. ಬಯಲಿನಲ್ಲೇ ಹೊಡೆಯಬೇಕು, ಹತ್ತಿರ ಬೆಂಕಿ ಇರಬಾರದು. ಬ್ರಷ್ ಲೇಪಕ್ಕೆ ಈ ತಾಪತ್ರಯ ಯಾವುದೂ ಇಲ್ಲ. ಆದರೆ ಎರಡು ಕೋಟ್ ಬೇಕು, ಒಣಗುವುದೂ ನಿಧಾನ. ಮೊದಲ ಕೋಟ್ ನನಗೆ ಅಲ್ಲಲ್ಲಿ ಕಲೆಕಲೆಯಾಗಿ ಕಂಡಿತು, ಎರಡನೆಯದಕ್ಕೆ ಸರಿಹೋಯಿತು.

ಮೊದಲ ತಿಂಗಳು ಎಡಭಾಗವೇ ಮುಂದೆ. ಹನಿಗಳು ಅಲ್ಲಿ ದುಂಡಗೆ, ಎತ್ತರಕ್ಕೆ ನಿಲ್ಲುತ್ತಿದ್ದವು. ಬಲಭಾಗದಲ್ಲಿ ಕೊಂಚ ಚಪ್ಪಟೆ. ಆರು ತಿಂಗಳು ಬಯಲಲ್ಲಿ ನಿಂತ ಮೇಲೆ ಲೆಕ್ಕ ತಿರುಗಿತು. ಟಾಪ್ ಮಡಚಿಕೊಳ್ಳುವ ಗೆರೆಗಳಲ್ಲಿ ಎಡಭಾಗ ನೀರು ಕುಡಿಯತೊಡಗಿತ್ತು. ಬಲಭಾಗದ ಗೆರೆಗಳಲ್ಲಿ ಹನಿ ಇನ್ನೂ ಜಾರುತ್ತಿತ್ತು. ಬ್ರಷ್ ಲೇಪವನ್ನು ನೂಲುಗಳ ನಡುವೆ ತಳ್ಳಿದ್ದರಿಂದಲೇ ಇದು ಉಳಿಯಿತು ಅಂತ ನನಗನ್ನಿಸುತ್ತದೆ. ಸಪಾಟಾದ ಜಾಗದಲ್ಲಿ ಎರಡಕ್ಕೂ ವ್ಯತ್ಯಾಸವೇ ಉಳಿದಿರಲಿಲ್ಲ.

ಒಂದು ಮಾತು. ನಿಮ್ಮದು ಬಟ್ಟೆಯದ್ದಲ್ಲ, ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್) ಟಾಪ್ ಆಗಿದ್ದರೆ ಈ ಎರಡೂ ಬೇಡ. ನನ್ನ ಹಿಂದಿನ ಕಾರು, 1989ರಲ್ಲಿ ಬಂದ ಮೊದಲ ಪೀಳಿಗೆಯ ಮಾಜ್ದಾ ಎಂಎಕ್ಸ್-5, ಅಂಥದ್ದೇ. ವಿನೈಲ್ ನೀರು ಹೀರುವುದಿಲ್ಲ, ಅದಕ್ಕೆ ಬೇಕಾದದ್ದು ಬಿಸಿಲಿನಿಂದ ಕಾಪಾಡುವ ವಿನೈಲ್ ಲೇಪ. ಅದರ ಹಿಂದಿನ ಕಿಟಕಿಯೂ ಪ್ಲಾಸ್ಟಿಕ್. ಧೂಳಿದ್ದಾಗ ಒಣಬಟ್ಟೆಯಿಂದ ಒರೆಸಿದರೆ ಗೀರು ಖಂಡಿತ.

ಮುಂದಿನ ಸಲ ಎಡಭಾಗಕ್ಕೂ ಬ್ರಷ್ ಲೇಪವೇ. ಮಡಿಕೆ ಬೀಳುವ ಗೆರೆಗಳಿಗೆ ಒಂದು ಕೋಟ್ ಜಾಸ್ತಿ.